ಮೂರು ಪ್ರಬಂಧಕ್ಕೆ ಒಬ್ಬನೇ ವಸ್ತು

ನನಗೆ ನಲವತ್ತು ತುಂಬಿದ ದಿನ ಬೆಳಿಗ್ಗೆ ಏಳೂವರೆಗೆ ಪ್ರಬಂಧದ ಮನೆಯಿಂದ ಇಬ್ಬರು ಬಂದು ನನ್ನನ್ನು ಅಳೆದುಕೊಂಡು ಹೋದರು. ಎತ್ತರ, ತೂಕ, ಕಿವಿಯಿಂದ ಕಿವಿಗೆ ಎಷ್ಟು, ಒಂದು ಉಸಿರಿಗೆ ಎಷ್ಟು ಮಾತು, ಎಲ್ಲ ಬರೆದುಕೊಂಡರು. ಆಮೇಲೆ ಅಂಗಿಯ ಮೇಲೆ ಒಂದು ತಗಡಿನ ಬಿಲ್ಲೆ ಚುಚ್ಚಿದರು. ಅದರಲ್ಲಿ 'ವಸ್ತು, ಸಂಖ್ಯೆ ೪೧' ಎಂದು ಕೊರೆದಿತ್ತು. ಅಕ್ಕ ನೀಲವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವರು ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ, ಹುಟ್ಟಿದ ದಿನವೆಂದು ಹುಗ್ಗಿ ಮಾಡಿದ್ದೇನೆ, ಆರುವುದರೊಳಗೆ ತಿನ್ನು ಎಂದಷ್ಟೇ ಹೇಳಿ ಒಳಗೆ ಹೋದಳು.

ನಮ್ಮ ಊರಿನಲ್ಲಿ ನಲವತ್ತು ತುಂಬುವುದರೊಳಗೆ ಪ್ರತಿಯೊಬ್ಬರೂ ಒಂದು ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕು. ಭಾಷೆಯ ಮೇಲೆ ಮಾಡಬಹುದು, ವೈದ್ಯದ ಮೇಲೆ ಮಾಡಬಹುದು, ಮನಸ್ಸಿನ ಮೇಲೆ ಮಾಡಬಹುದು. ಒಪ್ಪಿಸಿದವರು ಮದುವೆಯಾಗಬಹುದು, ಪಂಚಾಯಿತಿಯಲ್ಲಿ ಬಾಯಿ ತೆರೆಯಬಹುದು, ಬಾವಿಕಟ್ಟೆಯ ಮೇಲೆ ಕೂತು ಇತರರ ಪ್ರಬಂಧದಲ್ಲಿ ತಪ್ಪು ಹುಡುಕಬಹುದು. ಒಪ್ಪಿಸದವರು ಬಾಕಿಯವರ ಸಂಶೋಧನೆಗೆ ವಸ್ತುವಾಗಬೇಕು. ನೀಲವ್ವ ಇಪ್ಪತ್ತೆರಡಕ್ಕೇ ತನ್ನದು ಮುಗಿಸಿದ್ದಳು. ರೊಟ್ಟಿ ಬಡಿಯುವ ಸದ್ದು ಕೇಳಿ ಬಡಿಯುವವಳ ಮನಸ್ಸಿನಲ್ಲಿ ಯಾರಿದ್ದಾರೆ ಎಂದು ಹೇಳಬಹುದೇ ಎಂಬುದು ಅವಳ ವಿಷಯ. ಹೇಳಬಹುದು ಎಂದು ಸಿದ್ಧವಾಯಿತು. ಅಂದಿನಿಂದ ನಮ್ಮ ಓಣಿಯ ಹೆಂಗಸರು ಬಾಗಿಲು ಹಾಕಿಕೊಂಡೇ ರೊಟ್ಟಿ ಬಡಿಯುತ್ತಾರೆ. ನಮ್ಮ ಅಂಚೆಯವನು ಉಪ್ಪಿಟ್ಟು ಎನ್ನುವವರಿಗೂ ಸಜ್ಜಿಗೆ ಎನ್ನುವವರಿಗೂ ಹಸಿವು ಒಂದೇ ಹೊತ್ತಿಗೆ ಆಗುತ್ತದೆಯೇ ಎಂದು ಒಂಬತ್ತು ವರ್ಷ ನೋಡಿದ. ಅಷ್ಟು ವರ್ಷ ನಮಗೆಲ್ಲ ಕಾಗದಗಳು ತಿಂಡಿಯ ಹೊತ್ತಿಗೇ ಬರುತ್ತಿದ್ದವು.

ನಾನು ಹಿಟ್ಟಿನ ಗಿರಣಿ ನಡೆಸುವವನು. ಸಂಶೋಧನೆಗೆ ವಿಷಯ ಸಿಗಲಿಲ್ಲವೆಂದಲ್ಲ. ಮೂರು ಸಲ ಸಿಕ್ಕಿತ್ತು. ಹಿಟ್ಟಿನ ಧೂಳಿಗೆ ಬರುವ ಸೀನು ಒಂಟಿಯೋ ಜೋಡಿಯೋ ಎಂಬುದು ಮೊದಲನೆಯದು. ಅದನ್ನು ಸೋದರಮಾವನ ಮಗ, ತನಗೆ ಮದುವೆ ಗೊತ್ತಾಗಿದೆ ಎಂದು ಕೇಳಿದ, ಕೊಟ್ಟೆ. ಎರಡನೆಯದನ್ನು ಅವನ ಹೆಂಡತಿಯಾಗುವವಳು ಕೇಳಿದಳು. ಮೂರನೆಯದನ್ನು ಯಾರು ಒಯ್ದರೆಂದು ಈಗ ನೆನಪಿಲ್ಲ. ಇಲ್ಲ ಎನ್ನುವ ಮಾತು ನನ್ನ ಗಂಟಲಿನಿಂದ ಮೇಲೆ ಬರುವುದಿಲ್ಲ. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ನೋಡಲಾರೆ. ಹೀಗೆ ನಲವತ್ತಾಯಿತು.

ಮೊದಲ ವಾರದಲ್ಲೇ ಮೂವರು ಬಂದರು. ಬಟ್ಟೆ ಅಂಗಡಿಯ ಗುರುಸಿದ್ಧ ಭಾಷೆಯವನು. ಇಪ್ಪತ್ತಾರು ವರ್ಷ, ನಿಶ್ಚಯವಾಗಿ ಎರಡು ವರ್ಷವಾಗಿದ್ದರೂ ಪ್ರಬಂಧವಿಲ್ಲದೆ ಮದುವೆ ನಿಂತಿತ್ತು. 'ನೋಡೋಣು' ಎಂಬ ಒಂದೇ ಮಾತಿಗೆ ಹತ್ತೊಂಬತ್ತು ಅರ್ಥಗಳಿವೆ ಎಂದು ಅವನು ಮೊದಲೇ ತೀರ್ಮಾನಿಸಿ ಮುನ್ನುಡಿಯನ್ನೂ ಬರೆದಿದ್ದ. ಹನ್ನೊಂದು ಸಿಕ್ಕಿದ್ದವು. ಗಿರಣಿಗೆ ಬರುವವರೊಂದಿಗೆ ನಾನು ಎಷ್ಟು ಬಗೆಯಲ್ಲಿ ನೋಡೋಣು ಎನ್ನುತ್ತೇನೆ ಎಂದು ಬರೆದುಕೊಳ್ಳಲು ದಿನಾ ತಕ್ಕಡಿಯ ಪಕ್ಕ ಕೂರುತ್ತಿದ್ದ.

ಮನಸ್ಸಿನವನು ಸೈಕಲ್ ಅಂಗಡಿಯ ದಾವಲಸಾಬ. ನನ್ನ ಶಾಲೆಯ ಗೆಳೆಯ. ನಲವತ್ತಾಗಲು ಅವನಿಗೆ ಆರು ತಿಂಗಳು ಉಳಿದಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ಒಬ್ಬನೇ ಇದ್ದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ಅವನ ವಿಷಯ. ಅದಕ್ಕಾಗಿ ಅವನು ಗಿರಣಿಯ ಮೂಲೆಯಲ್ಲಿ ಜೋಳದ ಚೀಲಗಳ ಹಿಂದೆ ಕೂತು ನನ್ನನ್ನು ನೋಡುತ್ತಿದ್ದ. ಮೊದಲ ದಿನ ನಾನು ಚಹಾ ತರಿಸಿ, ಒಂದು ಕಪ್ಪು ಅವನ ಕಡೆ ಹಿಡಿದೆ.

"ನಾ ಇಲ್ಲಿ ಇಲ್ಲೋ ಮಾರಾಯಾ," ಎಂದ ದಾವಲಸಾಬ ಚೀಲದ ಹಿಂದಿನಿಂದ. "ಕಪ್ಪು ಅಲ್ಲೇ ಇಡು. ಆಮ್ಯಾಲೆ ನೀ ಆ ಕಡಿ ನೋಡು."

ಮೂರನೆಯವರು ಇಂದುಮತಿ. ದವಾಖಾನೆಯಲ್ಲಿ ಕಂಪೌಂಡರು, ನನಗಿಂತ ಐದಾರು ತಿಂಗಳು ಚಿಕ್ಕವರು. ಅವರದು ವೈದ್ಯ. ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆ ಎಂದು ಜನ ಹೇಳುವುದು ಖರೆಯೇ ಎಂದು ಅವರಿಗೆ ತಿಳಿಯಬೇಕಿತ್ತು. ಐದು ಜನರನ್ನು ಗೊತ್ತು ಮಾಡಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಆ ಐವರಲ್ಲಿ ಒಬ್ಬರು ಕಾಲು ಗಂಟೆ ನನ್ನನ್ನು ನೆನೆಸಬೇಕು. ಕೆಲವು ದಿನ ಯಾರೂ ನೆನೆಸಬಾರದು. ಯಾವ ದಿನ ಏನು ಎಂಬ ಚೀಟಿ ದವಾಖಾನೆಯ ಡಬ್ಬಿಯೊಳಗೆ ಇರುತ್ತಿತ್ತು, ನನಗೆ ಗೊತ್ತಾಗಕೂಡದು. ನಾನು ಬಿಕ್ಕಳಿಕೆ ಬಂದರೆ ಬಂತು, ಬರದಿದ್ದರೆ ಇಲ್ಲ ಎಂದು ಗುರುತು ಹಾಕಬೇಕು. ಸಂಜೆ ಐದಕ್ಕೆ ಅವರು ಬಂದು ಹಾಳೆ ಒಯ್ಯುತ್ತಿದ್ದರು.

ನನಗೆ ಜನ್ಮದಲ್ಲಿ ಹತ್ತು ಸಲ ಬಿಕ್ಕಳಿಕೆ ಬಂದಿದ್ದರೆ ಹೆಚ್ಚು. ಹದಿನಾಲ್ಕು ದಿನ ಇಲ್ಲ, ಇಲ್ಲ ಎಂದೇ ಬರೆದೆ. ಹಾಳೆಯಲ್ಲಿ ಇಲ್ಲ ಎಂದು ಬರೆಯುವುದೂ ನನಗೆ ಕಷ್ಟವೇ. ಇಂದುಮತಿ ದಿನಾ ಬಂದು ಕನ್ನಡಕ ತೆಗೆದು, ಅದರ ಮೇಲೆ ಕೂತ ಹಿಟ್ಟನ್ನು ಸೆರಗಿನಿಂದ ಒರೆಸಿ, ಹಾಳೆ ನೋಡಿ, ಬರ್ತೀನ್ರಿ ಎಂದು ಹೋಗುತ್ತಿದ್ದರು. ಹದಿನೈದನೆಯ ದಿನ ಹೋಗುವ ಮುಂಚೆ ಅಲ್ಲೇ ಚೀಲದ ಮೇಲೆ ಕೂತರು. ತಮ್ಮ ತಾಯಿ ಕೊನೆಯ ದಿನಗಳಲ್ಲಿ ಬಿಕ್ಕಳಿಕೆ ಬಂದಾಗಲೆಲ್ಲ ಇಂದೂ ನೆನೆಸಾಕತ್ತಾಳ ಎನ್ನುತ್ತಿದ್ದರಂತೆ. "ನಾ ಅಲ್ಲೇ ಬಾಜೂಕ ಕೂತಿದ್ದೆ ಮುರಿಗೆಪ್ಪಾರ," ಎಂದರು. "ಖರೇ ಹೇಳಬೇಕಂದ್ರ ನಾ ಅವರನ್ನ ನೆನಸ್ತಿರಲಿಲ್ಲ. ನಳದಾಗ ನೀರು ಬಂದಿರಬೇಕು, ಕೊಡ ಇಡಬೇಕು ಅಂತ ನೆನಸ್ತಿದ್ದೆ. ಹಂಗಾದ್ರ ಅವರಿಗೆ ಬಿಕ್ಕಳಿಕೆ ಯಾಕ ಬರ್ತಿತ್ತು, ಅದು ಗೊತ್ತಾಗಬೇಕಾಗೇದ ನನಗ."

ಮರುದಿನ ಹನ್ನೊಂದಕ್ಕೆ ನಾನು ಬಿಕ್ಕಳಿಸಿದೆ. ಬೇಕೆಂದೇ ಬಿಕ್ಕಳಿಸಿದೆ ಎಂದು ಹೇಳಬೇಕಾಗಿಲ್ಲ.

ನೆನೆಸುವ ದಿನ ಯಾವುದೆಂದು ಪತ್ತೆ ಮಾಡುವುದು ಏನೂ ಕಷ್ಟವಾಗಲಿಲ್ಲ. ಆ ಐವರಲ್ಲಿ ನೀಲವ್ವ ಒಬ್ಬಳು. ಅವಳು ನನ್ನನ್ನು ನೆನೆಸಬೇಕಾದ ದಿನ ಹನ್ನೊಂದಕ್ಕೆ ಸರಿಯಾಗಿ ಗಿರಣಿಯ ಹಿಂಬಾಗಿಲಲ್ಲಿ ಕಣ್ಣು ಮುಚ್ಚಿ ಕೂರುವಳು. ಐದು ನಿಮಿಷವಾಗುವುದರೊಳಗೆ ಹಳೆಯದೆಲ್ಲ ನೆನಪಾಗಿ, ಮೂರನೆಯ ತರಗತಿಯಲ್ಲಿ ನಾನು ಅವಳ ಪಾಟಿ ಒಡೆದಿದ್ದಕ್ಕೆ ಒಳಗೆ ಬಂದು ಬೈಯುವಳು. ದಾವಲಸಾಬ ಇನ್ನೊಬ್ಬ; ಅವನ ಸರದಿಯ ದಿನ ಚೀಲಗಳ ಹಿಂದಿನಿಂದ ಮುರಿಗೆಪ್ಪ, ಮುರಿಗೆಪ್ಪ ಎಂದು ಜಪ ಕೇಳುತ್ತಿತ್ತು. ಮೂರನೆಯವನು ಗುರುಸಿದ್ಧ, ನೆನೆಸುವಾಗ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮಿಕ್ಕ ಇಬ್ಬರು ಎದುರಿನ ಚಹಾದ ಅಂಗಡಿಯಲ್ಲಿ ಕೂತು ನನ್ನ ಕಡೆಗೇ ಬೆರಳು ಮಾಡಿಕೊಂಡು ನೆನೆಸುತ್ತಿದ್ದರು. ಯಾರೂ ನೆನೆಸದ ದಿನ ಇಡೀ ಓಣಿ ನನ್ನ ಕಡೆ ನೋಡದಂತೆ ತಲೆ ತಗ್ಗಿಸಿ ಓಡಾಡುತ್ತಿತ್ತು. ಹೀಗಾಗಿ ನನ್ನ ಬಿಕ್ಕಳಿಕೆಯ ಲೆಕ್ಕ ಒಂದೂ ತಪ್ಪಲಿಲ್ಲ.

ಇಂದುಮತಿಯವರ ಮುಖ ದಿನದಿನಕ್ಕೆ ಅರಳಿತು. ಒಂದು ದಿನ ಡಬ್ಬಿ ತುಂಬ ಶೇಂಗಾದ ಉಂಡಿ ತಂದರು. ಹಾಳೆ ನೋಡಿದ ಮೇಲೆಯೂ ಕೂತು ಮಾತಾಡತೊಡಗಿದರು. ಹನ್ನೊಂದು ವರ್ಷ ಮಂದಿಯ ಔಷಧಿ ಬಾಟಲಿಗೆ ಚೀಟಿ ಅಂಟಿಸಿದ್ದರ ಬಗ್ಗೆ, ಮೊದಲಿನ ಎರಡು ಸಂಶೋಧನೆ ಅರ್ಧಕ್ಕೇ ನಿಂತಿದ್ದರ ಬಗ್ಗೆ ಹೇಳಿದರು. ಒಂದರಲ್ಲಿ ವಸ್ತುವಾಗಿದ್ದವನು ಗಡ್ಡ ಬಿಟ್ಟುಕೊಂಡು ಬೇರೆ ಊರಿಗೆ ಓಡಿಹೋಗಿದ್ದನಂತೆ. ನಾನು ಸಂಜೆ ಐದಕ್ಕೆ ಮುಂಚೆ ಮುಖ ತೊಳೆದು ಹುಬ್ಬಿನ ಹಿಟ್ಟು ತೆಗೆಯಲು ಶುರು ಮಾಡಿದೆ. ನೀಲವ್ವ ಅದನ್ನು ನೋಡಿದಳು. ಆ ದಿನ ಅವಳು ರೊಟ್ಟಿ ಬಡಿದ ಸದ್ದು ಬೇರೆಯಾಗಿತ್ತು.

ಒಬ್ಬರಿಗೆ ಬೇಕಾದ್ದು ಕೊಟ್ಟು ಇನ್ನಿಬ್ಬರನ್ನು ಬಿಡುವುದು ಸರಿಯೆನಿಸಲಿಲ್ಲ. ದಾವಲಸಾಬನ ವಹಿಯಲ್ಲಿ ಎರಡು ತಿಂಗಳು ಬರೀ 'ಕೂತ', 'ಎದ್ದ', 'ಮತ್ತೆ ಕೂತ' ಎಂದಿತ್ತು. ಆದ್ದರಿಂದ ಒಬ್ಬನೇ ಇದ್ದಾಗ ನಾನು ಹಾಡಲು ಶುರು ಮಾಡಿದೆ. ಗಿರಣಿಯ ಚಕ್ರಕ್ಕೆ ಸುತ್ತಿದ ಪಟ್ಟದ ಜೊತೆ ಜಗಳವಾಡಿದೆ, ರಾಜಿಯಾದೆ. ಒಮ್ಮೆ ಚೀಲ ತಲೆಯ ಮೇಲಿಟ್ಟುಕೊಂಡು ಕುಣಿದೆ. ಚೀಲಗಳ ಹಿಂದೆ ಪೆನ್ಸಿಲ್ಲಿನ ಸದ್ದು ಮಳೆಯಂತೆ ಕೇಳಿಸಿತು. ಗುರುಸಿದ್ಧನಿಗೆ ವಾರಕ್ಕೊಂದು ಹೊಸ ನೋಡೋಣು ಕೊಟ್ಟೆ. ಮೂಗಿನಿಂದ ಒಂದು, ಉಸಿರು ಒಳಗೆಳೆಯುತ್ತ ಒಂದು. ಅದರ ಅರ್ಥವೇನು ಕಾಕಾ ಎಂದು ಕೇಳಿದರೆ, ಅವನಿಗೆ ಏನು ಬೇಕಿತ್ತೋ ಅದನ್ನೇ ಹೇಳಿದೆ. ಮೂವರೂ ಸುಖವಾಗಿದ್ದರು. ನಾನೂ ಸುಖವಾಗಿದ್ದೆ. ನಾಲ್ಕು ತಿಂಗಳು ಹೀಗೇ ಹೋಯಿತು.

ಮೂವರ ಪ್ರಬಂಧಗಳ ಪರೀಕ್ಷೆಗೆ ಎರಡು ದಿನ ಇರುವಾಗ ನಮ್ಮ ಹಿಂದಿನ ಓಣಿಯ ತಿಪ್ಪವ್ವನಿಗೆ ಬಿಕ್ಕಳಿಕೆ ಹತ್ತಿತು. ಎಪ್ಪತ್ತು ದಾಟಿದ ಮುದುಕಿ, ವಾರಕ್ಕೊಮ್ಮೆ ಸ್ವತಃ ಬುಟ್ಟಿ ಹೊತ್ತು ಗಿರಣಿಗೆ ಬರುವಂಥವಳು. ಆ ವಾರ ಬರಲಿಲ್ಲ. ಒಂದೂವರೆ ದಿನ ಬಿಕ್ಕಳಿಕೆ ನಿಲ್ಲದೆ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ, ಹಿಟ್ಟು ತೆಗೆದುಕೊಂಡು ನಾನೇ ಹೋದೆ.

ಅಂಗಳದಲ್ಲಿ ಇಡೀ ಮನೆಯವರು ಸಾಲಾಗಿ ಕೂತಿದ್ದರು. ತಿಪ್ಪವ್ವನನ್ನು ಮರೆಯುತ್ತಿದ್ದರು. ಇಂದುಮತಿಯವರ ಸಂಶೋಧನೆ ಚೆನ್ನಾಗಿ ನಡೆದಿದೆಯೆಂದು ದವಾಖಾನೆಯವರು ಆಗಲೇ ಅದನ್ನು ಔಷಧಿಯಾಗಿ ಜಾರಿಗೆ ತಂದಿದ್ದರು. ನೆನೆಸುವವರು ನಿಲ್ಲಿಸಿದರೆ ಬಿಕ್ಕಳಿಕೆ ತಾನಾಗಿ ನಿಲ್ಲುತ್ತದೆ, ಬೇರೇನೂ ಕೊಡಬೇಡಿ ಎಂದಿದ್ದರಂತೆ. ಡಾಕ್ಟರಿಗೆ ಅನುಮಾನವಿತ್ತು, ಆದರೆ ಅವರ ಸ್ವಂತ ಪ್ರಬಂಧ ಭಾಷೆಯ ಮೇಲೆ ಆಗಿದ್ದರಿಂದ, ವೈದ್ಯದ ಸಂಶೋಧನೆಗೆ ಅಡ್ಡ ಬರುವ ಅಧಿಕಾರ ಅವರಿಗಿರಲಿಲ್ಲ. ದೊಡ್ಡ ಮಗ ತಾಯಿಯನ್ನು ಮರೆಯಲು ಹದಿನೇಳರ ಮಗ್ಗಿ ಹೇಳುತ್ತಿದ್ದ. ಆ ಮಗ್ಗಿ ಕಲಿಸಿದವಳು ತಾಯಿಯೇ ಎಂದು ಪ್ರತಿ ಸಲ ಐವತ್ತೊಂದಕ್ಕೆ ಬಂದಾಗ ನೆನಪಾಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಸಣ್ಣ ಮಗ ಬಾವಿಯೊಳಗೆ ಇಣುಕಿ ನೋಡುತ್ತ ಕೂತಿದ್ದ. ಸೊಸೆಗೆ ಮಾತ್ರ ಕಷ್ಟವಾಗಿರಲಿಲ್ಲ. ಅವಳು ಹತ್ತು ನಿಮಿಷದಲ್ಲೇ ಮರೆತು, ಒಬ್ಬರ ಊಟ ಕಡಿಮೆ ಮಾಡಿ ಅಡಿಗೆ ಮುಗಿಸಿದ್ದಳು.

ಒಳಗೆ ತಿಪ್ಪವ್ವ ಗೋಡೆಗೆ ಒರಗಿ ಕೂತಿದ್ದಳು. ಪ್ರತಿ ಬಿಕ್ಕಳಿಕೆಗೂ ಮೈ ಇಡಿಯಾಗಿ ನಡುಗುತ್ತಿತ್ತು. ನೀರು ಕೊಡಲೇ ಎಂದರೆ ಬೇಡವೆಂದಳು, ನನ್ನ ಕೈ ಹಿಡಿದಳು.

"ಮುರಿಗೆಪ್ಪಾ, ಹೊರಗ ಕೂತಾವಕ್ಕ ಹೇಳಪಾ," ಎಂದಳು. "ಬಿಕ್ಕಿ ಬಿಕ್ಕಿ ಸತ್ತರೂ ಚಿಂತಿಲ್ಲ. ನನ್ನ ಮರೀಬ್ಯಾಡ್ರಿ ಅನ್ನು."

ಅಲ್ಲಿಂದ ಸೀದಾ ದವಾಖಾನೆಗೆ ನಡೆದೆ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡೆ. ಇಂದುಮತಿ ಮೇಜಿನ ಮೇಲೆ ಪ್ರಬಂಧ ಹರವಿಕೊಂಡು ಕೆಂಪು ದಾರದಲ್ಲಿ ಹೊಲಿಯುತ್ತಿದ್ದರು. ನನ್ನನ್ನು ನೋಡಿ ಕುರ್ಚಿ ಸರಿಸಿದರು. ತಿಪ್ಪವ್ವನ ಬಿಕ್ಕಳಿಕೆ ನಿಂತಿಲ್ಲವೆಂದೆ. ಮನೆಯವರು ಸರಿಯಾಗಿ ಮರೆಯುತ್ತಿಲ್ಲ, ಅವರಿಗೆ ಅಭ್ಯಾಸವಿಲ್ಲ ಎಂದರು. ಆಮೇಲೆ ಕೊನೆಯ ಹಾಳೆ ನನ್ನ ಮುಂದೆ ಹಿಡಿದು, ಲೆಕ್ಕವೆಲ್ಲ ಸರಿಯಿದೆಯಲ್ಲವೇ, ಒಮ್ಮೆ ನೋಡಿಬಿಡಿ, ನಿಮ್ಮಿಂದಲೇ ಇದೆಲ್ಲ ಆದದ್ದು ಎಂದರು. ಕನ್ನಡಕದ ಹಿಂದೆ ಅವರ ಕಣ್ಣು ಹೊಳೆಯುತ್ತಿತ್ತು. ನಾನು ಹೌದು, ಸರಿಯಿದೆ ಎಂದೆ. ಹೊರಗೆ ಬಂದ ಮೇಲೆ ಹುಣಸೆ ಮರದ ಕೆಳಗೆ ನಿಂತು ನನ್ನ ಬಾಯಿಗೆ ನಾನೇ ಎರಡು ಏಟು ಹಾಕಿಕೊಂಡೆ. ದಾವಲಸಾಬ ಅಲ್ಲಿಯೂ ಮರದ ಹಿಂದೆ ಇದ್ದ, ಬರೆದುಕೊಂಡ.

ಪರೀಕ್ಷೆ ಪ್ರಬಂಧದ ಮನೆಯ ನಡುಮನೆಯಲ್ಲಿ ನಡೆಯಿತು. ಗೋಡೆಗಳಲ್ಲಿ ನೆಲದಿಂದ ಜಂತಿಯವರೆಗೆ ಊರಿನವರ ಪ್ರಬಂಧಗಳು. ಪರೀಕ್ಷಕಿ ತಾರಾಬಾಯಿ. ಮೂರೂ ವಿಷಯಗಳಲ್ಲಿ ಒಂದೊಂದು ಪ್ರಬಂಧ ಬರೆದ ಒಬ್ಬರೇ ಒಬ್ಬರು ಅವರು. ಎಂಬತ್ತು ವರ್ಷ, ಕಿವಿ ಚುರುಕು. ಪಕ್ಕದಲ್ಲಿ ಕಾರಕೂನ, ನಡೆದದ್ದೆಲ್ಲ ಬರೆಯಲು. ನನ್ನನ್ನು ಒಂದು ಸ್ಟೂಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂರಿಸಿದರು. ಪರೀಕ್ಷೆಯಲ್ಲಿ ವಸ್ತು ಮಾತಾಡುವಂತಿಲ್ಲ ಎಂಬುದು ನಿಯಮ. ಹಾಗೆಂದು ಬಾಗಿಲ ಮೇಲೆಯೇ ಬರೆದಿದ್ದಾರೆ.

ಮೊದಲು ಗುರುಸಿದ್ಧ. ಹತ್ತೊಂಬತ್ತು ಅರ್ಥಗಳನ್ನೂ ಉಚ್ಚರಿಸಿ ತೋರಿಸಿದ. ಮೂಗಿನದಕ್ಕೆ ಜನ ತಲೆದೂಗಿದರು. ಅವನು ಮುಗಿಸಿದ ಮೇಲೆ ತಾರಾಬಾಯಿ ನೋಡೋಣು ಎಂದರು. ಗುರುಸಿದ್ಧ ಕಂಗಾಲಾಗಿ ತನ್ನದೇ ಪ್ರಬಂಧದ ಪುಟ ತಿರುವಿ ಅದು ಎಷ್ಟನೆಯದು ಎಂದು ಹುಡುಕಿದ. ಏಳನೆಯದು, ಒಪ್ಪಿಗೆ ಎಂದು ಅವರೇ ಹೇಳಿದರು. ಹಿಂದಿನ ಸಾಲಿನಲ್ಲಿ ಅವನ ಮಾವನಾಗುವವರು ಕಣ್ಣೊರೆಸಿಕೊಂಡರು.

ಆಮೇಲೆ ದಾವಲಸಾಬ. ಒಬ್ಬನೇ ಇರುವ ಮನುಷ್ಯ ಹಾಡುತ್ತಾನೆ, ಯಂತ್ರದೊಂದಿಗೆ ಜಗಳವಾಡುತ್ತಾನೆ, ಕುಣಿಯುತ್ತಾನೆ, ಮರದ ಕೆಳಗೆ ನಿಂತು ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಾನೆ ಎಂದು ಓದಿದ. ತಾರಾಬಾಯಿ ಒಂದೇ ಪ್ರಶ್ನೆ ಕೇಳಿದರು: ಅವನು ಒಬ್ಬನೇ ಇದ್ದಾಗ ನೀನು ಹೇಗೆ ನೋಡಿದೆ? "ನಾ ಅಲ್ಲಿ ಇರಲಿಲ್ರಿ," ಎಂದ ದಾವಲಸಾಬ. ಅವರು ಅವನ ಮುಖವನ್ನೇ ನೋಡಿದರು. ಅವನಿಗೆ ನಲವತ್ತಾಗಲು ಎಷ್ಟು ದಿನವಿದೆ ಎಂದು ಕಾರಕೂನನನ್ನು ವಿಚಾರಿಸಿ, ಒಪ್ಪಿಗೆ ಹಾಕಿದರು.

ಆ ಎರಡಕ್ಕೂ ನಾನು ಸುಮ್ಮನಿದ್ದೆ. ಈಗಲೂ ಅದಕ್ಕೆ ಪಶ್ಚಾತ್ತಾಪವಿಲ್ಲ. ಮೂಗಿನಿಂದ ನೋಡೋಣು ಎಂದರೆ ಯಾರೂ ಸಾಯುವುದಿಲ್ಲ. ಗುರುಸಿದ್ಧ ಇದನ್ನು ಓದುತ್ತಾನೆಂಬ ಹೆದರಿಕೆಯೂ ಇಲ್ಲ. ಅವನು ತನ್ನ ಪ್ರಬಂಧವಲ್ಲದೆ ಬೇರೇನನ್ನೂ ಓದುವುದಿಲ್ಲ.

ಇಂದುಮತಿ ಎದ್ದು ನಿಂತು ಓದಿದರು. ಸಣ್ಣ ದನಿ, ಆದರೆ ಒಂದು ಕಡೆಯೂ ತಡವರಿಸಲಿಲ್ಲ. ತಾಯಿಯ ಹೆಸರಿನಲ್ಲಿ ಅರ್ಪಣೆ ಇತ್ತು. ನೆನೆಸಿದರೆ ಬಿಕ್ಕಳಿಕೆ ಬರುತ್ತದೆ, ವಸ್ತು ಪಳಗಲೆಂದು ಬಿಟ್ಟ ಮೊದಲ ಹದಿನೈದು ದಿನ ಕಳೆದರೆ ಎಪ್ಪತ್ತಾರರಲ್ಲಿ ಎಪ್ಪತ್ತಾರು ಸಲ ಬಂದಿದೆ ಎಂದಾಗ ನಡುಮನೆಯಲ್ಲಿ ಗುಜುಗುಜು ಎದ್ದಿತು. ಇಂಥ ಲೆಕ್ಕ ಈ ಮನೆಗೆ ಹಿಂದೆ ಬಂದಿರಲಿಲ್ಲ ಎಂದರು ತಾರಾಬಾಯಿ. ನಾಳೆಯಿಂದ ಊರಿನಲ್ಲಿ ಯಾರಿಗೆ ಬಿಕ್ಕಳಿಕೆ ಬಂದರೂ ಔಷಧಿ ಕೊಡಕೂಡದು, ಬಂಧುಗಳು ಕೂಡಿ ಮರೆಯತಕ್ಕದ್ದು ಎಂದು ಡಂಗುರ ಸಾರಿಸುವಂತೆ ಕಾರಕೂನನಿಗೆ ಹೇಳಿದರು. ಕಾರಕೂನ ಮಸಿಯಲ್ಲಿ ಲೇಖನಿ ಅದ್ದಿದ.

ನಾನು ಎದ್ದು ನಿಂತೆ.

"ಆ ಬಿಕ್ಕಳಿಕಿ ಸುಳ್ಳು," ಎಂದೆ.

ಕಾರಕೂನ ತಲೆಯೆತ್ತದೆ, ಬರೆಯುವುದನ್ನು ಗಟ್ಟಿಯಾಗಿ ಹೇಳಿಕೊಂಡ: ವಸ್ತು ಶಬ್ದ ಮಾಡಿತು. ನಾನು ಮತ್ತೆ ಹೇಳಿದೆ. ನಾನೇ ಬೇಕೆಂದು ಬಿಕ್ಕಳಿಸಿದೆ, ಯಾರು ನೆನೆಸುತ್ತಿದ್ದಾರೆಂದು ನನಗೆ ಕಾಣುತ್ತಿತ್ತು, ತಿಪ್ಪವ್ವನಿಗೆ ಔಷಧಿ ಕೊಡಿ ಎಂದೆ. ಶಬ್ದ ಮುಂದುವರಿಯಿತು ಎಂದು ಬರೆದ ಕಾರಕೂನ. ಜನ ನನ್ನ ಕಡೆ ನೋಡಲೂ ಇಲ್ಲ. ಬಾಗಿಲು ಕಿರುಗುಟ್ಟಿದರೆ ಹೇಗೆ ಕಾಯುತ್ತಾರೋ ಹಾಗೆ, ಮುಗಿಯಲೆಂದು ಕಾದರು. ತಾರಾಬಾಯಿ ಮೊಹರು ಕೈಗೆತ್ತಿಕೊಂಡರು.

ಇಂದುಮತಿ ಮಾತ್ರ ತಿರುಗಿ ನೋಡಿದರು. "ನಾಕು ತಿಂಗಳು," ಎಂದರು. ನಾನು ತಲೆ ತಗ್ಗಿಸಿದೆ. ಕಾರಕೂನ ಅದನ್ನೂ ಬರೆದ.

"ಒಂದರ ಖರೇ ಬಂದಿತ್ತೇನು?" ಎಂದು ಕೇಳಿದರು ಇಂದುಮತಿ.

"ಒಂದು ಬಂದಿತ್ರಿ. ನೀವು ಉಂಡಿ ತಂದ ದಿನ. ಗಡಿಬಿಡಿಲೆ ನುಂಗಿದ್ದೆ."

ಅವರು ಮೇಜಿನ ಹತ್ತಿರ ಹೋಗಿ, ಮೊಹರಿನ ಕೆಳಗಿನಿಂದ ತಮ್ಮ ಪ್ರಬಂಧವನ್ನು ಎಳೆದುಕೊಂಡರು. ತಾರಾಬಾಯಿ ಎಚ್ಚರಿಸಿದರು: ನಿನಗೆ ನಲವತ್ತಾಗಲು ಒಂದು ತಿಂಗಳೂ ಇಲ್ಲ, ವಸ್ತುವಿನ ಶಬ್ದಕ್ಕಾಗಿ ಹಿಂದೆಗೆದುಕೊಂಡರೆ ನೀನೂ ಸ್ಟೂಲಿನ ಮೇಲೆ ಕೂರಬೇಕಾಗುತ್ತದೆ. "ಅದು ಶಬ್ದ ಅಲ್ರಿ ಬಾಯಾರ, ಮಾತು. ನಾ ಕೇಳಿದೆ," ಎಂದರು ಇಂದುಮತಿ. "ಮದಲ ತಿಪ್ಪವ್ವನ ಮನಿಗೆ ಡಾಕ್ಟರನ್ನ ಕಳಸ್ರಿ." ಹೇಳಿ ಹೊರಟೇಬಿಟ್ಟರು. ನಾನು ಹಿಂದೆ ಓಡಿದೆ. ದಾರಿಯಲ್ಲಿ ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಡಾಕ್ಟರು ಬಂದು ತಿಪ್ಪವ್ವನ ಹೊಟ್ಟೆ ಒತ್ತಿ ನೋಡಿ, ಒಂದು ಸೂಜಿ ಹಾಕಿದರು, ಎರಡು ಬಗೆಯ ಗುಳಿಗೆ ಕೊಟ್ಟರು. ನಾಲ್ಕು ಗಂಟೆಗೆ ಬಿಕ್ಕಳಿಕೆ ನಿಂತಿತು. ಇನ್ನು ನೆನೆಸಬಹುದು ಎಂದು ಹೇಳಿದೊಡನೆ ದೊಡ್ಡ ಮಗ ತಾಯಿಯ ಕಾಲ ಬಳಿ ಕೂತು ಅತ್ತುಬಿಟ್ಟ. ಸೊಸೆ ಮರಳಿ ಒಲೆ ಹೊತ್ತಿಸಿದಳು.

ಇಂದುಮತಿ ಗಿರಣಿಗೆ ಬರುವುದನ್ನು ನಿಲ್ಲಿಸಿದರು. ಐದು ಗಂಟೆಗೆ ಮುಖ ತೊಳೆದು ಕೂರುವ ರೂಢಿ ಮಾತ್ರ ನನಗೆ ಬಿಡಲಿಲ್ಲ. ದಾವಲಸಾಬ ಈಗ ಚೀಲಗಳ ಮುಂದೆಯೇ ಕೂತು ಚಹಾ ಕುಡಿಯುತ್ತಿದ್ದ. ನಾನು ಸುಳ್ಳು ಕುಣಿದದ್ದು ಅವನಿಗೆ ಮೊದಲೇ ಗೊತ್ತಿತ್ತಂತೆ. ಒಬ್ಬನೇ ಇರುವವನು ಹಾಡು ಮುಗಿಸಿ ಚೀಲಗಳಿಗೆ ಕೈ ಮುಗಿಯುವುದಿಲ್ಲ ಎಂದ. ಕಾಣದವನಂತೆ ಇದ್ದುಬಿಟ್ಟೆ, ನಲವತ್ತು ಎದುರಿಗೇ ನಿಂತಿತ್ತಲ್ಲ ಎಂದ. ಒಂದು ತಿಂಗಳು ತುಂಬುವುದರೊಳಗೆ ಪ್ರಬಂಧದ ಮನೆಯ ಇಬ್ಬರು ಇಂದುಮತಿಯವರ ಮನೆಗೆ ಹೋಗಿ ಅಳೆದು ಬಂದರೆಂದು ಸುದ್ದಿ ಬಂತು. ನಲವತ್ತೆರಡನೆಯ ಸಂಖ್ಯೆ.

ಅದರ ಮುಂದಿನ ಗುರುವಾರ ಅವರು ಒಂದು ಡಬ್ಬಿ ಗೋಧಿ ಹಿಡಿದು ಗಿರಣಿಗೆ ಬಂದರು. ಆಗಲೇ ಇಬ್ಬರು ಸಂಶೋಧಕರು ಅವರ ಹಿಂದಿದ್ದರು. ಒಬ್ಬ ಹೆಜ್ಜೆ ಎಣಿಸುತ್ತಿದ್ದ. ಸಿಟ್ಟು ಇಳಿದಿದೆಯೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರೇ ಹೇಳಿದರು. ಪ್ರಬಂಧ ಹೋದದ್ದಕ್ಕೆ ದುಃಖವಿಲ್ಲ, ಸುಳ್ಳು ಪ್ರಬಂಧವನ್ನು ತಾಯಿಗೆ ಅರ್ಪಿಸಿ ಏನು ಮಾಡಲಿ ಎಂದರು. ಇಬ್ಬರು ವಸ್ತುಗಳನ್ನು ಒಂದೇ ಮನೆಯಲ್ಲಿಡಬಹುದು, ಸಂಶೋಧಕರಿಗೆ ಓಡಾಟ ಉಳಿಯುತ್ತದೆ ಎಂದು ನಿಯಮದಲ್ಲಿದೆಯಂತೆ, ಓದಿ ನೋಡಿದೆ ಎಂದರು.

"ಆದ್ರ ನಿಮ್ಮನ್ನ ಏನರ ಕೇಳಾಕ ನನಗ ಅಂಜಿಕಿ," ಎಂದರು. "ಏನು ಕೇಳಿದರೂ ನೀವು ಹೂಂ ಅಂತೀರಿ. ಅದು ನನಗ ಅಂದ ಹೂಂ ಹೌದೋ ಅಲ್ಲೋ ನನಗ ಹ್ಯಾಂಗ ತಿಳೀಬೇಕು? ಮದಲ ಯಾರಿಗರ ಒಮ್ಮೆ ಇಲ್ಲ ಅನ್ರಿ. ಆಮ್ಯಾಲೆ ಕೇಳ್ತೀನಿ." ಗೋಧಿ ಅಲ್ಲೇ ಬಿಟ್ಟು ಹೋದರು.

ಹನ್ನೆರಡು ದಿನ ನಾನು ಅಭ್ಯಾಸ ಮಾಡಿದೆ. ಗಿರಣಿಯ ಪಟ್ಟಕ್ಕೆ ಇಲ್ಲ ಎಂದೆ, ಎಮ್ಮೆಗೆ ಇಲ್ಲ ಎಂದೆ. ನೀಲವ್ವನೇ ಸಹಾಯಕ್ಕೆ ಬಂದು, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿ ನೋಡಿದಳು. ಒಂದೇ ಕೂತಿನಲ್ಲಿ ಒಂಬತ್ತು ತಿಂದು ಎದ್ದೆ. ಅವಳು ಹಣೆ ಬಡಿದುಕೊಂಡಳು.

ಹದಿಮೂರನೆಯ ದಿನ ತಾರಾಬಾಯಿಯವರೇ ಗಿರಣಿಗೆ ಬಂದರು. ಜೊತೆಗೆ ಕಾರಕೂನ. ಗೋಧಿ ಒಯ್ಯಲು ಇಂದುಮತಿಯೂ ಅದೇ ಹೊತ್ತಿಗೆ ಬಂದು, ಹಿರಿಯರಿಗೆ ದಾರಿ ಬಿಟ್ಟು ಗೋಡೆಯ ಪಕ್ಕ ನಿಂತಿದ್ದರು. ತಾರಾಬಾಯಿ ತಮ್ಮ ನಾಲ್ಕನೆಯ ಪ್ರಬಂಧ ಶುರು ಮಾಡುವವರಿದ್ದರು. ಮನುಷ್ಯ ದಿನಕ್ಕೆ ಎಷ್ಟು ಸಲ ಕಣ್ಣು ಮಿಟುಕಿಸುತ್ತಾನೆ, ಅದರಲ್ಲಿ ಎಷ್ಟು ತನಗಾಗಿ, ಎಷ್ಟು ಇತರರಿಗಾಗಿ ಎಂಬುದು ವಿಷಯ. ಎರಡು ವರ್ಷ ನಾನು ಪ್ರಬಂಧದ ಮನೆಯಲ್ಲೇ ಗಾಜಿನ ಬಾಗಿಲ ಕೋಣೆಯಲ್ಲಿ ಇರಬೇಕು. ಗಿರಣಿಯನ್ನು ಅಕ್ಕ ನೋಡಿಕೊಳ್ಳಲಿ. ನಿನ್ನಂಥ ಒಳ್ಳೆಯ ವಸ್ತು ಊರಿಗೆ ಮತ್ತೊಂದಿಲ್ಲ ಎಂದರು, ಪ್ರೀತಿಯಿಂದಲೇ. ಎಂಬತ್ತು ವರ್ಷದ ಆ ಮುಖದಲ್ಲಿ ಸಣ್ಣ ಹುಡುಗಿಯ ಆಸೆಯಿತ್ತು. ಕಾರಕೂನ ಆಗಲೇ ಒಪ್ಪಿಗೆಯ ಹಾಳೆ ಬಿಡಿಸಿ, ಹೂಂ ಎಂದು ಅಚ್ಚಾದ ಜಾಗದಲ್ಲಿ ಬೆರಳಿಟ್ಟಿದ್ದ.

ನನ್ನ ಬಾಯಿ ಹೂಂ ಎನ್ನಲು ತಾನಾಗಿ ಮುಚ್ಚಿಕೊಂಡಿತು. ಅದನ್ನು ತೆರೆದೆ. ಇಂದುಮತಿಯವರ ಕಡೆ ನೋಡಲಿಲ್ಲ. ನೋಡಿದ್ದರೆ ಅದು ಅವರಿಗಾಗಿ ಅಂದಂತಾಗುತ್ತಿತ್ತು.

"ಇಲ್ರಿ ಬಾಯಾರ," ಎಂದೆ. "ನಾ ಬರೂದಿಲ್ಲ."

ತಾರಾಬಾಯಿಯವರ ಮುಖ ಸಣ್ಣದಾಯಿತು. ನಾನು ಅದನ್ನು ನೋಡುತ್ತ ನಿಂತೆ, ಏನೂ ಆಗಲಿಲ್ಲ. ಛಾವಣಿ ಮೇಲೆಯೇ ಇತ್ತು. ಕಾರಕೂನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಇಲ್ಲ ಎಂದು ಬರೆಯುವ ಜಾಗವಿಲ್ಲವೆಂದು ಕಂಡು, ಶಬ್ದ ಅಂತ ಬರೀಲೇನ್ರಿ ಎಂದು ಕೇಳಿದ. ತಾರಾಬಾಯಿ ಕೋಲೂರಿಕೊಂಡು ಎದ್ದರು. ಬಾಗಿಲವರೆಗೆ ಹೋಗಿ ನಿಂತರು.

"ಬ್ಯಾಡ," ಎಂದರು. "ಮಾತು ಅಂತ ಬರಿ."

ಅವರು ಹೋದ ಮೇಲೆ ಇಂದುಮತಿ ತಮ್ಮ ಹಿಂದಿದ್ದ ಇಬ್ಬರು ಸಂಶೋಧಕರನ್ನು ಚಹಾದ ಅಂಗಡಿಗೆ ಕಳಿಸಿದರು. ನಾನು ಗಿರಣಿ ಬಂದ್ ಮಾಡಿದೆ. ಪಟ್ಟ ತಿರುಗುವುದು ನಿಧಾನವಾಗಿ ನಿಂತಿತು. ಅವರು ಗೋಧಿ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಎರಡು ಸಲ ಹಾಕಿ ಎರಡು ಸಲ ತೆಗೆದು, ಆಮೇಲೆ ಕೇಳಿದರು. ಏನು ಕೇಳಿದರೆಂದು ಬರೆಯಬೇಕಾಗಿಲ್ಲ.

ಹೂಂ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಅಲ್ಲೇ ಹಿಡಿದೆ. ನಾಳೆ ಹೇಳುತ್ತೇನೆ ಎಂದೆ.

ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆಗಲಿ, ನಿಧಾನವಾಗಿ ಹೇಳಿ ಎಂದು ಡಬ್ಬಿ ಎತ್ತಿಕೊಂಡು ಹೊರಟರು. ಮರುದಿನ ಬೆಳಿಗ್ಗೆ ದವಾಖಾನೆ ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕಾದು, ಅವರು ಬೀಗ ತೆಗೆಯುವಾಗ ಹೂಂ ಎಂದೆ. ಯೋಚನೆ ಮಾಡಿದಿರೇನು ಎಂದು ಕೇಳಿದರು, ಬೀಗ ಕೈಯಲ್ಲಿ ಹಿಡಿದುಕೊಂಡೇ. ಇಡೀ ರಾತ್ರಿ ಅದೇ ಮಾಡಿದೆ ಎಂದೆ. ಯೋಚಿಸಲು ಏನೂ ಇರಲಿಲ್ಲ, ಆದರೂ ಮಾಡಿದ್ದು ಖರೆ.